ಜಗಲಿಯ ಮೇಲಿನ ಸಂದರ್ಶನಗಳು

‘ಸಂದರ್ಶನ’ ಎಂಬ ಮಾತಿಗೆ ನಮ್ಮ ಹಿರಿಯರ ಕಾಲದಲ್ಲಿ ಬಲು ದೊಡ್ಡ ಅರ್ಥವಿತ್ತು. ದೇವರ ಸಂದರ್ಶನ, ಗುರುಗಳ ಸಂದರ್ಶನ, ಬಹಳವಾದರೆ ಅಮಲ್ದಾರರ ಸಂದರ್ಶನ. ಬರಿಗೈಯಲ್ಲಿ ಹೋಗುತ್ತಿರಲಿಲ್ಲ; ಎರಡು ನಿಂಬೆಹಣ್ಣಾದರೂ ಬೇಕಾಗಿತ್ತು. ಈಗ ನಿಂಬೆಹಣ್ಣಿನ ಸ್ಥಾನದಲ್ಲಿ ಪ್ಲಾಸ್ಟಿಕ್ಕಿನ ಕಡತ ಬಂದಿದೆ. ಅದರೊಳಗೆ ಅಂಕಪಟ್ಟಿಗಳು, ಅವುಗಳ ನಕಲುಗಳು, ತನ್ನನ್ನು ತಾನೇ ಹೊಗಳಿಕೊಂಡು ಬರೆದ ಎರಡು ಪುಟದ ಬಿನ್ನಹ. ದೇವರ ಮುಂದೆ ನಿಂತಾಗ ಕೇಳುವವರು ನಾವು, ಇಲ್ಲಿ ಕೇಳುವವರು ಅವರು.

ಈ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಕೋಲಾರದ ನ್ಯಾಯಾಲಯಗಳಲ್ಲಿ ನಲವತ್ತು ವರ್ಷಕ್ಕೆ ಮೇಲ್ಪಟ್ಟು ಕರಿಯ ಕೋಟು ತೊಟ್ಟು ತಿರುಗಿದ್ದೇನೆ. ಮನೆ ಮಾತ್ರ ವೇಮಗಲ್ಲಿನಲ್ಲಿ. ಕೆಲವು ವರ್ಷಗಳಿಂದ ಭಾನುವಾರ ಬೆಳಗ್ಗೆ ನಮ್ಮ ಜಗಲಿಗೆ ಕಾನೂನು ಓದುವ ಹುಡುಗರೂ ಹುಡುಗಿಯರೂ ಬರುತ್ತಾರೆ. ಕೋಲಾರದಲ್ಲಿ ಓದುವವರುಂಟು, ಕೆ.ಜಿ.ಎಫ್.ನ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿನವರುಂಟು, ಬೆಂಗಳೂರಿಗೆ ದಿನವೂ ಬಸ್ಸು ಹತ್ತುವವರೂ ಉಂಟು. “ಸಾರ್, ಮಂಗಳವಾರ ಇಂಟರ್‌ವ್ಯೂ ಇದೆ, ನಾಲ್ಕು ಪ್ರಶ್ನೆ ಕೇಳಿ” ಎನ್ನುತ್ತಾರೆ. ನಾನು ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ, ಕಂಡರಿಯದ ಯಾವುದೋ ಸಂಸ್ಥೆಯ ಕಂಡರಿಯದ ಅಧಿಕಾರಿಯಾಗಿ ಕೂರುತ್ತೇನೆ. ನನ್ನ ಹೆಂಡತಿ ಇದಕ್ಕೆ ‘ಕೇಳಿಕೆ’ ಎಂದು ಹೆಸರಿಟ್ಟಿದ್ದಾಳೆ. ನಮ್ಮ ಸೀಮೆಯಲ್ಲಿ ಊರ ಮುಂದೆ ವೇಷ ಕಟ್ಟಿ ಕುಣಿಯುವ ಆಟಕ್ಕೂ ಅದೇ ಹೆಸರು. ಕಾಫಿಯನ್ನು ಮಾತ್ರ ಎಲ್ಲ ಪಾತ್ರಧಾರಿಗಳಿಗೂ ತಪ್ಪದೆ ಕೊಡುತ್ತಾಳೆ.

ನನ್ನ ಕಾಲದಲ್ಲಿ ಇಂಥ ಸಿದ್ಧತೆ ಎಲ್ಲಿತ್ತು? ಸನ್ನದು ಪಡೆದು ಒಬ್ಬ ಹಿರಿಯ ವಕೀಲರ ಮುಂದೆ ನಿಂತೆ. ಅವರು ಕೇಳಿದ್ದು ಮೂರೇ ಪ್ರಶ್ನೆ. “ತೆಲುಗು ಬರುತ್ತದೆಯೆ?” ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕಕ್ಷಿದಾರರಲ್ಲಿ ಅನೇಕರು ಕಷ್ಟ ಹೇಳಿಕೊಳ್ಳುವುದು ತೆಲುಗಿನಲ್ಲಿಯೇ. “ಹಳೆಯ ಕ್ರಯಪತ್ರದ ಕೈಬರಹ ಓದಬಲ್ಲೆಯಾ?” “ಮಧ್ಯಾಹ್ನದ ಊಟಕ್ಕೆ ಏನು ಮಾಡುತ್ತೀ?” ಸಂಬಳವಿಲ್ಲವೆಂಬುದನ್ನು ನೋವಾಗದಂತೆ ತಿಳಿಸುವ ರೀತಿ ಅದು. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಸುತ್ತೋಲೆ ಕಳುಹಿಸಿತು. ಶಿಫಾರಸು ಅದು, ಕಟ್ಟಳೆಯಲ್ಲ. ನಮ್ಮ ಕಡೆ ಊಟದ ಪ್ರಶ್ನೆ ಈಗಲೂ ಬಳಕೆಯಲ್ಲಿದೆಯೆಂದು ಹುಡುಗರು ಹೇಳುತ್ತಾರೆ.

ಇವರ ಸಿದ್ಧತೆಯಲ್ಲಿ ಶ್ರಮಕ್ಕೇನೂ ಕಡಮೆಯಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತಷ್ಟೆ. ಕೊಲೆಯ 302 ಈಗ 103 ಆಗಿದೆ. ‘ಚಾರ್‌ಸೌಬೀಸ್’ ಎಂದು ಲೋಕವೆಲ್ಲ ಬೈಯುತ್ತಿದ್ದ 420 ಈಗ 318ರ ಒಂದು ಉಪವಿಧಿ. ಮೋಸಗಾರರು ಪಾಪ, ನಂಬರು ಕಳೆದುಕೊಂಡರು. ಅಂದಿಗೆ ಹಿಂದೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಬಾಯಿಪಾಠ ಮಾಡಬೇಕು. ಮಾಡುತ್ತಾರೆ. ಆದರೆ “ನಿನ್ನ ಜಿಲ್ಲೆಯ ವಿಷಯ ಎರಡು ಮಾತು ಹೇಳು” ಎಂದರೆ, ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಕೆ.ಸಿ. ರೆಡ್ಡಿಯವರು 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು ಎಂದು ಗೈಡು ಪುಸ್ತಕದ ಪುಟವನ್ನು ಒಪ್ಪಿಸುತ್ತಾರೆ. ಮನೆಯ ಹಿತ್ತಲಲ್ಲಿ ಕಂಡದ್ದನ್ನು ಹೇಳುವುದಿಲ್ಲ. ಅದೂ ಜ್ಞಾನವೆಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಈಚೆಗೆ ಬಂದ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದಳು. ವೇಮಗಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯವರು ಕಾನೂನು ವಿಭಾಗದ ಕೆಲಸಕ್ಕೆ ಕರೆದಿದ್ದರು. (ಟಾಟಾ ಮತ್ತು ಏರ್‌ಬಸ್ ಸಂಸ್ಥೆಗಳು ಹೆಲಿಕಾಪ್ಟರು ಜೋಡಿಸಲು ನಮ್ಮ ವೇಮಗಲ್ಲನ್ನು ಆರಿಸಿಕೊಂಡದ್ದನ್ನು 2025ರಲ್ಲಿ ಎಲ್ಲರೂ ಓದಿದ್ದೀರಿ. ಇದು ಆ ಕಂಪನಿಯಲ್ಲ, ಯಾವುದೆಂಬುದು ಬೇಡ.) ನಾನು ಭೂಸ್ವಾಧೀನದ ಮೇಲೆ ಪ್ರಶ್ನೆ ಹಾಕಿದೆ. ಸ್ವತ್ತಿನ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು, 44ನೆಯ ತಿದ್ದುಪಡಿಯಿಂದ 300ಎ ವಿಧಿಗೆ ಇಳಿಯಿತು ಎಂದು ಇಂಗ್ಲಿಷಿನಲ್ಲಿ ಗಡಗಡನೆ ಒಪ್ಪಿಸಿದಳು. ಸರಿಯೇ. ಅವಳ ತಾತನ ಎರಡು ಎಕರೆ ಹತ್ತು ಗುಂಟೆ ರಾಗಿಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದದ್ದು ನನಗೆ ಗೊತ್ತಿತ್ತು. “ನಿಮ್ಮ ಮನೆಗೆ ಬಂದ ನೋಟೀಸನ್ನು ಓದಿದವರು ಯಾರು?” ಎಂದೆ.

“ನಾನೇ ಸಾರ್. ಹೈಸ್ಕೂಲಿನಲ್ಲಿದ್ದೆ. ತಾತನಿಗೆ ಓದಿ ಹೇಳಿದೆ.”

ಆಮೇಲೆ ಇಂಗ್ಲಿಷು ಹೋಯಿತು, ಗಡಗಡವೂ ಹೋಯಿತು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ವಿಧಿಯನ್ನು ನಾನು ಬೇರೆಲ್ಲಿಯೂ ಅಷ್ಟು ಚೆನ್ನಾಗಿ ಕೇಳಿಲ್ಲ. ಒಂದನೆಯ ಉಪವಿಧಿಯಲ್ಲಿ ಸರ್ಕಾರ ತನ್ನ ಉದ್ದೇಶ ಸಾರುತ್ತದೆ, ಎರಡನೆಯದರಲ್ಲಿ ಮಾಲೀಕನಿಗೆ ನೋಟೀಸು, ತಕರಾರಿಗೆ ಮೂವತ್ತು ದಿನ, ಮೂರನೆಯದರಲ್ಲಿ ವಿಚಾರಣೆ, ನಾಲ್ಕನೆಯದಾಯಿತೋ, ಭೂಮಿ ಹೋಯಿತು. ತಾತ ಆ ಮೂವತ್ತು ದಿನದೊಳಗೆ ಪಹಣಿ ಹಿಡಿದು ಹೋದರು. ಪಹಣಿಯಲ್ಲಿ ಹೆಸರು ಮುತ್ತಾತನದು, ಪೌತಿ ಖಾತೆ ಆಗಿರಲಿಲ್ಲ. ಪರಿಹಾರ ಬಂದಾಗ ಹಕ್ಕುದಾರರು ಏಳು ಜನರಾದರು. ಮಗಳೂ ಹುಟ್ಟಿನಿಂದಲೇ ಪಾಲುದಾರಳು, 2005ರಲ್ಲಿ ತಂದೆ ಬದುಕಿರಬೇಕಾದ್ದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಹೇಳಿದ ಮೇಲೆ, ಸೋದರತ್ತೆಯರಿಬ್ಬರೂ ಪಾಲು ಕೇಳಿದರು. “ಅವರು ಕೇಳಿದ್ದು ನ್ಯಾಯವೇ ಸಾರ್. ಆದರೆ ಅಂದಿನಿಂದ ಹಬ್ಬಕ್ಕೆ ಬರುವುದು ನಿಂತುಹೋಯಿತು” ಎಂದಳು. ಯಾವ ಗೈಡಿನಲ್ಲಿ ಇದೆ ಈ ವ್ಯಾಖ್ಯಾನ?

ಇದನ್ನು ಅಲ್ಲಿ ಹೇಳಬೇಕೇ ಬೇಡವೇ ಎಂದು ಜಗಲಿಯಲ್ಲಿ ದೊಡ್ಡ ಚರ್ಚೆಯಾಯಿತು. “ಬಾಯಿ ಬಿಡಬೇಡ, ಜಗಳಗಂಟಿ ಎಂದುಕೊಂಡಾರು” ಎಂದ ಒಬ್ಬ ಹುಡುಗ. ಅವನ ಅಂಜಿಕೆ ನಿರಾಧಾರವಲ್ಲ. 2020ರ ಡಿಸೆಂಬರಿನಲ್ಲಿ ಪಕ್ಕದ ನರಸಾಪುರದ ಕಾರ್ಖಾನೆಯೊಂದರಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ರೇಗಿ ಗಾಜು ಒಡೆದದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಸ್ಥಳೀಯರೆಂದರೆ ಕಂಪನಿಯವರು ಎರಡು ಸಲ ನೋಡುತ್ತಾರೆಂಬ ಮಾತು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ನಾನು ಹೇಳೆಂದೆ. ಭೂಮಿ ತೆಗೆದುಕೊಂಡದ್ದು ಸರ್ಕಾರ, ಅದು ಸೇರಿದ್ದು ಮಂಡಳಿಗೆ, ಮಂಡಳಿ ಕೊಟ್ಟದ್ದು ಕಂಪನಿಗೆ. ಕಂಪನಿಯ ಮೇಲೆ ಇವಳ ಮನೆಯವರ ವ್ಯಾಜ್ಯವೇನೂ ಇಲ್ಲ. ಪರಿಹಾರದ ಮೊಕದ್ದಮೆ ಇರುವುದು ಬೇರೆ ಕಡೆ. ಅಷ್ಟನ್ನು ಮೊದಲೇ ತಿಳಿಸುವುದು ಕಾನೂನು ಓದಿದವರಿಗೆ ಲಕ್ಷಣ.

ಆದರೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಅದಲ್ಲ. ಅವಳಿಗೆ ನ್ಯಾಯಾಧೀಶೆಯಾಗುವ ಆಸೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರದ ಪತ್ರಿಕೆಯೊಂದುಂಟು. ಅದನ್ನು ಹಣ್ಣು ಸುಲಿದಂತೆ ಮಾಡುತ್ತಾಳೆ. ಓದು ಮುಗಿಯುತ್ತಲೇ ಕೂರಬಹುದಾಗಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟು, ಮೂರು ವರ್ಷ ವಕೀಲಿ ಮಾಡಿದವರಿಗೇ ಈ ಹುದ್ದೆಯೆಂಬ ಹಳೆಯ ನಿಯಮವನ್ನು ಮತ್ತೆ ತಂದಿತು. 2002ರಲ್ಲಿ ತಾನೇ ತೆಗೆದುಹಾಕಿದ್ದ ನಿಯಮ! ಕೋರ್ಟಿನ ಕಟ್ಟೆ ಹತ್ತದವನು ಪೀಠ ಹತ್ತಬಾರದೆಂಬ ತರ್ಕವನ್ನು ನಾನು ಒಪ್ಪುತ್ತೇನೆ. ಎಳೆಯ ನ್ಯಾಯಾಧೀಶರು ಹಳೆಯ ಗುಮಾಸ್ತರ ಕೈಯಲ್ಲಿ ಒದ್ದಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಮೂರು ವರ್ಷ ಊಟ ಹಾಕುವವರು ಯಾರು? ಕೋಲಾರದಲ್ಲಿ ಮಹಡಿ ಬಾಡಿಗೆ ಬರುವ ಮನೆಯ ಹುಡುಗನಿಗೆ ಮೂರು ವರ್ಷ ಬೆರಳ ನೊಣೆಯಷ್ಟೆ. ಇವಳ ತಾಯಿ ಟೊಮೆಟೊ ಮಂಡಿಯಲ್ಲಿ ಹಣ್ಣು ವಿಂಗಡಿಸುತ್ತಾಳೆ. ತಮ್ಮ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾನೆ.

ಇನ್ನೊಂದು ತೊಡಕು. ವಕೀಲರ ಪರಿಷತ್ತಿನ 49ನೆಯ ನಿಯಮದಂತೆ, ಪೂರ್ಣಕಾಲದ ಸಂಬಳದ ನೌಕರ ವಕೀಲಿ ಮಾಡುವಂತಿಲ್ಲ. ಕಂಪನಿಯ ಕೆಲಸಕ್ಕೆ ಸೇರಿದರೆ ಸನ್ನದಿಲ್ಲ. ಸನ್ನದಿಲ್ಲದಿದ್ದರೆ ಆ ಮೂರು ವರ್ಷಗಳ ಲೆಕ್ಕ ಶುರುವಾಗುವುದೇ ಇಲ್ಲ. ಊರವರ ಪರವಾಗಿ ಒಂದು ವಕಾಲತ್ತು ಹಾಕುವಂತೆಯೂ ಇಲ್ಲ. ಸನ್ನದಿನ ಶುಲ್ಕ 750 ರೂಪಾಯಿಗೆ ಮೀರಬಾರದೆಂದು 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಾಗಿಲಿನ ಬೆಲೆ ಇಳಿಯಿತು, ಒಳಗೆ ಕೂತು ಉಣ್ಣುವ ಬಗೆ ಮಾತ್ರ ಹಾಗೆಯೇ ಉಳಿಯಿತು.

ಸಂದರ್ಶನಕ್ಕೆ ಹೋದಳು. ಮೂವರು ಕೂತಿದ್ದರಂತೆ. ಇಲ್ಲಿಯೇ ಏಕೆ ಕೆಲಸ ಬೇಕೆಂದು ಕೇಳಿದರು. ತಾತನ ಹೊಲದ ಸರ್ವೆ ನಂಬರು ಹೇಳಿದಳು. ಒಬ್ಬರು ಪೆನ್ನು ಕೆಳಗಿಟ್ಟರು. ಹಾಗಾದರೆ ಕಂಪನಿ ನಿಮಗೆ ಏನಾದರೂ ಬಾಕಿಯೆಂದು ಭಾವಿಸುತ್ತೀರಾ, ಎಂದು ಕೇಳಿದರು. “ಇಲ್ಲ. ಕೊಡಬೇಕಾದದ್ದು ಮಂಡಳಿ, ಅದು ವಿಚಾರಣೆಯಲ್ಲಿದೆ” ಎಂದಳು. ಆಗ ಅವರಲ್ಲಿ ಹಿರಿಯಾಕೆಯೊಬ್ಬರು ಗುತ್ತಿಗೆ ಕರಾರಿನ ಒಂದು ಕರಡನ್ನು ಮುಂದಿಟ್ಟು, ಹತ್ತು ನಿಮಿಷದಲ್ಲಿ ಓದಿ ತಪ್ಪು ಹುಡುಕಲು ಹೇಳಿದರು. ಷರತ್ತುಗಳೆಲ್ಲ ಸರಿಯಾಗಿಯೇ ಇದ್ದವಂತೆ. ಕೊನೆಯಲ್ಲಿ ಚೆಕ್ಕುಬಂದಿ. ಉತ್ತರಕ್ಕೆ ರಸ್ತೆ ಎಂದು ಬರೆದಿತ್ತು.

“ಉತ್ತರಕ್ಕೆ ರಸ್ತೆಯಿಲ್ಲ, ರಾಜಕಾಲುವೆಯಿದೆ” ಎಂದಳು. ಹೇಗೆ ಗೊತ್ತೆಂದು ಕೇಳಿದರು. ಅಲ್ಲಿ ಎಮ್ಮೆ ಮೇಯಿಸಿದ್ದೆ ಎಂದಳು.

ಹತ್ತು ದಿನಕ್ಕೆ ನೇಮಕದ ಪತ್ರ ಬಂತು. ಹೋದ ಭಾನುವಾರ ಅದೇ ಪ್ಲಾಸ್ಟಿಕ್ಕಿನ ಕಡತದಲ್ಲಿಟ್ಟು ತಂದಿದ್ದಳು. ನಾನು ದಸ್ತಾವೇಜು ಓದುವ ಅಭ್ಯಾಸದಂತೆ ಕೊನೆಯ ಪುಟದಿಂದ ಓದಿದೆ. ಸಂಬಳ ಪರವಾಗಿಲ್ಲ. ಎರಡು ವರ್ಷ ಬಿಡಬಾರದೆಂಬ ಷರತ್ತಿದೆ. ಅವಳು ಸಂಬಳದ ಮಾತೆತ್ತಲಿಲ್ಲ. “ಎರಡು ವರ್ಷ ಇಲ್ಲಿ ದುಡಿದು ಆಮೇಲೆ ಸನ್ನದು ಪಡೆದರೆ, ಆ ಮೂರು ವರ್ಷ ಎಲ್ಲಿಂದ ಎಣಿಸುತ್ತಾರೆ ಸಾರ್?” ಎಂದು ಕೇಳಿದಳು. ತಾತ್ಕಾಲಿಕ ನೋಂದಣಿಯ ದಿನದಿಂದ ಎಂದೆ. ಬೆರಳು ಮಡಿಸಿ ಎಣಿಸಿದಳು. ತಮ್ಮನ ಪಾಲಿಟೆಕ್ನಿಕ್ಕು ಮುಗಿಯುವ ವರ್ಷವನ್ನೂ ಅದರೊಳಗೆ ಸೇರಿಸಿ ಇನ್ನೊಮ್ಮೆ ಎಣಿಸಿದಳು. ಒಪ್ಪಿಗೆ ಬರೆದುಕೊಡಲು ಶುಕ್ರವಾರದವರೆಗೆ ಗಡುವಿದೆ.