ಎರಡು ಬಿಳಿ ವೈರು, ಒಂದು ಕಪ್ಪು, ಒಂದು ಬೂದು

ಜೂನ್ 2, 2025, ಸೋಮವಾರ. ರಾತ್ರಿ.

ತೀರ್ಥಹಳ್ಳಿ ಮೇಷ್ಟ್ರ ಕಾರು ಬಂತು. 2016ರ ಪೆಟ್ರೋಲ್ ಗಾಡಿ, ಬಿಎಸ್4. ಇಂಜಿನ್ ಲೈಟು ಹತ್ತಿ ತಿಂಗಳಾಯಿತಂತೆ. ಲೀಟರಿಗೆ 17 ಕೊಡುತ್ತಿದ್ದದ್ದು 12ಕ್ಕೆ ಇಳಿದಿದೆ. ಸಿಗ್ನಲ್‌ನಲ್ಲಿ ನಿಂತರೆ ಒದರುತ್ತದೆ, ಘಾಟಿ ಹತ್ತುವಾಗ ಏನೂ ಇಲ್ಲ. ಬೇರೆ ಗ್ಯಾರೇಜಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಎಂದಿದ್ದಾರೆ. ಮೇಷ್ಟ್ರು ದುಡ್ಡು ಹೊಂದಿಸಿಕೊಂಡೇ ಬಂದಿದ್ದಾರೆ. "ಹಾಕಿಬಿಡಿ, ಇನ್ನು ನೋಡೋದೇನಿದೆ" ಎಂದರು.

ಸ್ಕ್ಯಾನರ್ ಹಾಕಿದೆ. ಪಿ0135. ಒಂದೇ ಕೋಡು. ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ಕನ್ವರ್ಟರಿನ ಮಾತೇ ಇಲ್ಲ. ಅವರು ಸ್ಕ್ಯಾನ್ ಮಾಡಿದ್ದರೋ, ಸೈಲೆನ್ಸರ್ ಬಾಯಿಯ ಮಸಿ ನೋಡಿ ಹೇಳಿದರೋ.

ಅಂಗಡಿ ಬಾಡಿಗೆ ಬಾಕಿ ಇದೆ. ಕನ್ವರ್ಟರ್ ಹಾಕಿದ್ದರೆ ಕೂಲಿಯ ಜೊತೆ ಹಳೆಯದರ ಗುಜರಿ ದುಡ್ಡೂ ಬರುತ್ತಿತ್ತು. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಈ ಲೆಕ್ಕ ತಲೆಯಲ್ಲಿ ಒಂದು ಸುತ್ತು ಹೊಡೆದದ್ದು ನಿಜ. ಮೇಷ್ಟ್ರಿಗೆ "ಗಾಡಿ ಬಿಟ್ಟು ಹೋಗಿ, ನೋಡಿ ಹೇಳ್ತೀನಿ" ಎಂದಷ್ಟೇ ಹೇಳಿದೆ.

ಜೂನ್ 3, ಮಂಗಳವಾರ. ಬೆಳಿಗ್ಗೆ 11.

ಫ್ಯೂಸ್ ಸರಿ ಇದೆ. ಸೆನ್ಸರಿನ ಕನೆಕ್ಟರ್ ಬಿಚ್ಚಿ, ಗಾಡಿಯ ಕಡೆಯ ಹೀಟರ್ ಪಿನ್ನುಗಳಿಗೆ ಟೆಸ್ಟ್ ಲ್ಯಾಂಪ್ ಕೊಟ್ಟೆ. ಸ್ಟಾರ್ಟ್ ಮಾಡಿದಾಗ ಉರಿಯಿತು. ಅಂದರೆ ವೈರಿಂಗ್ ಸರಿ, ಇಂಜಿನ್ನಿನ ಕಂಪ್ಯೂಟರ್ ಇಸಿಯು ಸರಿ.

ಸೆನ್ಸರಿನ ಕಡೆ ನಾಲ್ಕು ವೈರು. ಎರಡು ಬಿಳಿ ಹೀಟರಿನದು, ಕಪ್ಪು ಸಿಗ್ನಲ್, ಬೂದು ಅದರ ಅರ್ತ್. ಬಿಳಿಗಳ ನಡುವೆ ಓಮ್ಸ್ ನೋಡಿದರೆ ಮೀಟರ್ ಅಲುಗಲಿಲ್ಲ. ಓಪನ್. ಹಿಂದಿನ ಸೆನ್ಸರಿನಲ್ಲಿ ಅದೇ ಜಾಗಕ್ಕೆ ಹಿಡಿದೆ: 6.8 ಓಮ್ಸ್. ಇನ್ನು ಅನುಮಾನವಿಲ್ಲ. ಮುಂದಿನದರ ಹೀಟರ್ ಸುಟ್ಟಿದೆ.

ಹುಡುಗ ಕಪ್ಪು ವೈರಿಗೂ ಓಮ್ಸ್ ಹಿಡಿಯಲು ಹೋದ. ಕೈ ತಡೆದೆ. ಅದು ತಾನೇ ಕರೆಂಟು ಹುಟ್ಟಿಸುವ ವೈರು. ಓಮ್ಸ್‌ಗೆ ಇಟ್ಟ ಮೀಟರ್ ತನ್ನ ಕರೆಂಟನ್ನು ಅದರೊಳಗೆ ನೂಕುತ್ತದೆ. ಅಲ್ಲಿ ವೋಲ್ಟ್ ಮಾತ್ರ ನೋಡಬೇಕು.

ಘಾಟಿಯ ಮಾತು ಈಗ ತಾಳೆಯಾಗುತ್ತದೆ. ಈ ಸೆನ್ಸರ್ 300 ಡಿಗ್ರಿ ದಾಟದೆ ಕೆಲಸ ಮಾಡುವುದಿಲ್ಲ. ಏರು ಹತ್ತುವಾಗ ಹೊಗೆಯ ಬಿಸಿಯೇ ಸಾಕು. ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗಾಗುತ್ತದೆ, ಹೀಟರ್ ಇಲ್ಲ. ಇಸಿಯು ಕುರುಡಾಗಿ ಪೆಟ್ರೋಲ್ ಸುರಿಯುತ್ತದೆ.

ರಾತ್ರಿ 12.

ಆರ್‌ಸಿಬಿ ಐಪಿಎಲ್ ಗೆದ್ದಿತು! 18ನೇ ಸೀಸನ್ನಿಗೆ. ಬೀದಿ ತುಂಬ ಪಟಾಕಿ. ಇವಳು ಕಿವಿ ಮುಚ್ಚಿಕೊಂಡಳು. ನನಗೆ ಅಷ್ಟೇನೂ ಜೋರು ಅನಿಸಲಿಲ್ಲ.

ಜೂನ್ 4, ಬುಧವಾರ.

ಹುಡುಗ ಹತ್ತೂವರೆಗೆ ಬಂದ. ಬೈಯಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡಿದೆ. ಎರಡು ಥರ ಇದೆಯಂತೆ. ಒಂದು 900ಕ್ಕೆ, ಕನೆಕ್ಟರ್ ಇಲ್ಲ, ಹಳೆಯ ವೈರು ಕತ್ತರಿಸಿ ಜೋಡಿಸಿಕೊಳ್ಳಬೇಕು. ಇನ್ನೊಂದು 2,800ಕ್ಕೆ, ನೇರವಾಗಿ ಕೂರುತ್ತದೆ. ಎರಡನೆಯದನ್ನೇ ಕಳಿಸಿ ಎಂದೆ. ಎಷ್ಟೋ ಸೆನ್ಸರುಗಳಲ್ಲಿ ಹೊರಗಿನ ಗಾಳಿ ಒಳಗೆ ಹೋಗುವುದು ವೈರಿನ ಎಳೆಗಳ ಸಂದಿಯಿಂದಲೇ. ಅಲ್ಲಿ ಬೆಸುಗೆ ಹಾಕಿದರೆ ಉಸಿರು ಕಟ್ಟುತ್ತದೆ.

ಮೇಷ್ಟ್ರು ಫೋನಿನಲ್ಲಿ, "ಇದೆಲ್ಲ ಎಥನಾಲ್ ಪೆಟ್ರೋಲಿನಿಂದ ಆಗಿದ್ದಲ್ವಾ?" ಎಂದರು. ಈಗ ಬಂದವರೆಲ್ಲ ಕೇಳುವುದು ಇದನ್ನೇ. ಹೀಟರ್ ಸುಡುವುದಕ್ಕೂ ಅದಕ್ಕೂ ಸಂಬಂಧ ಕಾಣೆ ಮೇಷ್ಟ್ರೇ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಸಂಜೆ.

ಗೆಲುವಿನ ಸಂಭ್ರಮದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. 11 ಜನ ಸತ್ತಿದ್ದಾರೆ. ಮಗ ಬೆಂಗಳೂರಿನಲ್ಲಿದ್ದಾನೆ. ಇವಳು ಮೇಲಿಂದ ಮೇಲೆ ಫೋನ್ ಮಾಡಿದ್ದಾಳೆ. ಫೋನು ಜೇಬಿನಲ್ಲೇ ಇತ್ತು. "ಅಣ್ಣಾ, ಆಗಿನಿಂದ ಹೊಡ್ಕೊತಾ ಇದೆ" ಎಂದು ಹುಡುಗ ಹೇಳಿದ ಮೇಲೆ ತೆಗೆದೆ. ಮಗ ಆಫೀಸಿನಲ್ಲೇ ಇದ್ದ. ಸ್ಟೇಡಿಯಂ ಕಡೆ ಹೋಗಿರಲಿಲ್ಲ.

ಕೆಲಸ ಸಾಕು ಅನಿಸಿತು. ಬಾಗಿಲು ಹಾಕಿದೆ.

ಜೂನ್ 6, ಶುಕ್ರವಾರ.

ನಿನ್ನೆ ರಾತ್ರಿ ಬಸ್ಸಿಗೆ ಹಾಕಿದ ಪಾರ್ಸೆಲ್ ಬೆಳಿಗ್ಗೆ ಸಿಕ್ಕಿತು. ಹಳೆಯದು ಜಾಮ್ ಆಗಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಇಂಜಿನ್ ಸ್ವಲ್ಪ ಬಿಸಿ ಮಾಡಿ, 22ರ ಸ್ಪ್ಯಾನರ್ ಹಾಕಿದೆ. ಪೂರ್ತಿ ಬಿಸಿಯಲ್ಲಿ ಎಳೆದರೆ ಕೈ ಸುಡುತ್ತದೆ, ತಣ್ಣಗಿದ್ದಾಗ ಎಳೆದರೆ ಥ್ರೆಡ್ ಕಿತ್ತುಬರುತ್ತದೆ. ಕಟ್ ಎಂದು ಬಿಟ್ಟುಕೊಟ್ಟಿತು. ಕೈಗೆ ಗೊತ್ತಾಯಿತು.

ತುದಿ ಮಸಿ ಕಪ್ಪು. ಪೆಟ್ರೋಲ್ ಹೆಚ್ಚು ಕುಡಿದ ಗುರುತು. ಬಿಳಿ ಪುಡಿ ಕೂತಿದ್ದರೆ ಸಿಲಿಕಾನಿನ ವಿಷ ಎನ್ನಬಹುದಿತ್ತು. ಅದಿಲ್ಲ.

ಹೊಸದರ ಥ್ರೆಡ್ಡಿಗೆ ಕಂಪನಿಯೇ ಪೇಸ್ಟ್ ಹಚ್ಚಿ ಕಳಿಸಿದೆ. ತುದಿಗೆ ತಾಗದಂತೆ ಕೈಯಲ್ಲೇ ತಿರುಗಿಸಿ ಕೂರಿಸಿದೆ. ಆಮೇಲೆ ಟಾರ್ಕ್ ರೆಂಚಿನಲ್ಲಿ 40 ನ್ಯೂಟನ್ ಮೀಟರ್. ಕೋಡು ಅಳಿಸಿದೆ. ಮತ್ತೆ ಬರಲಿಲ್ಲ.

ಆದರೆ ಫ್ಯೂಯಲ್ ಟ್ರಿಮ್ ನೋಡಿದರೆ ಐಡ್ಲಿಂಗಿನಲ್ಲಿ ಪ್ಲಸ್ 22. ಇಸಿಯು ತನ್ನ ಲೆಕ್ಕಕ್ಕಿಂತ ನೂರಕ್ಕೆ 22 ಪಾಲು ಹೆಚ್ಚು ಪೆಟ್ರೋಲ್ ಸೇರಿಸುತ್ತಿದೆ. 2500 ಆರ್‌ಪಿಎಂಗೆ ಏರಿಸಿದರೆ 6ಕ್ಕೆ ಇಳಿಯುತ್ತದೆ. ಹೊಸ ಸೆನ್ಸರ್ 'ಗಾಳಿ ಜಾಸ್ತಿ, ಗಾಳಿ ಜಾಸ್ತಿ' ಎನ್ನುತ್ತಿದೆ.

ಲೈಟು ಆರಿದೆ. ಕೊಟ್ಟು ಕಳಿಸಿದರೆ ಮೇಷ್ಟ್ರು ಖುಷಿಯಾಗಿ ಹೋಗುತ್ತಾರೆ. ಶಾಲೆ ಶುರುವಾಗಿದೆ, ಗಾಡಿ ಬೇಕು ಎಂದು ದಿನಾ ಫೋನು. ಕೊಡಲಿಲ್ಲ.

ಜೂನ್ 7, ಶನಿವಾರ.

ಬಕ್ರೀದ್. ಆಟೋ ಕಾಂಪ್ಲೆಕ್ಸ್‌ನಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿವೆ. ಮಧ್ಯಾಹ್ನ ಪಕ್ಕದ ವೆಲ್ಡಿಂಗ್‌ನವರ ಮನೆಯಲ್ಲಿ ಊಟ.

ಹೊಸ ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಬೇಕಿತ್ತು. ಕಪ್ಪು ವೈರಿಗೆ ಕನೆಕ್ಟರಿನ ಹಿಂದಿನಿಂದ ಪಿನ್ ಚುಚ್ಚಿದೆ. 0.1ರಿಂದ 0.9 ವೋಲ್ಟಿನವರೆಗೆ ಏರಿಳಿಯುತ್ತಿದೆ. ರೇಸ್ ಮಾಡಿದೆ, ತಕ್ಷಣ 0.85. ವ್ಯಾಕ್ಯೂಮ್ ಪೈಪ್ ಎಳೆದೆ, ತಕ್ಷಣ 0.1. ಎರಡಕ್ಕೂ ತಡವಿಲ್ಲದೆ ಉತ್ತರ ಕೊಟ್ಟಿತು. ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ.

ಹುಡುಗ ಕೇಳಿದ: "ಬ್ಯಾಟರಿ ಇಲ್ದೆ ವೋಲ್ಟ್ ಎಲ್ಲಿಂದ ಬರುತ್ತೆ ಅಣ್ಣಾ?" ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿ ಇದೆ. ಒಂದು ಮಗ್ಗುಲಿಗೆ ಹೊರಗಿನ ಗಾಳಿ, ನೂರಕ್ಕೆ 21 ಆಕ್ಸಿಜನ್. ಇನ್ನೊಂದು ಮಗ್ಗುಲಿಗೆ ಹೊಗೆ. ಕಾದಾಗ ಪಿಂಗಾಣಿಯ ಮೂಲಕ ಆಕ್ಸಿಜನ್ ಅಯಾನುಗಳು ಓಡಾಡುತ್ತವೆ. ಎರಡು ಕಡೆಯ ವ್ಯತ್ಯಾಸವೇ ವೋಲ್ಟು. ಹೊಗೆಯಲ್ಲಿ ಆಕ್ಸಿಜನ್ ಇಲ್ಲದಿದ್ದರೆ ವೋಲ್ಟ್ ಹೆಚ್ಚು, ಉಳಿದಿದ್ದರೆ ಕಡಿಮೆ. 0.45ರ ಹತ್ತಿರ ಗಡಿ. ಅಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಈ ಸೆನ್ಸರ್ 1976ರಲ್ಲಿ ಬಾಷ್‌ನವರು ವೋಲ್ವೋ ಕಾರಿಗೆ ಮೊದಲು ಕೊಟ್ಟದ್ದು.

ಆ ಹೊತ್ತಿಗೆ ನಮ್ಮಲ್ಲಿ ಕಾರ್ಬೊರೇಟರ್. ನಾನು ಕೆಲಸ ಕಲಿಯುವಾಗಲೂ ಅದೇ. ಸ್ಕ್ರೂ ಕಾಲು ಸುತ್ತು ತಿರುಗಿಸು, ಕೇಳು, ಮತ್ತೆ ತಿರುಗಿಸು. ಇಂಜಿನ್ ಸದ್ದೇ ಎಲ್ಲ ಹೇಳುತ್ತಿತ್ತು. ನನ್ನ ಕಿವಿಗೆ ಹೆಸರಿತ್ತು ಆಗ.

ಜೂನ್ 9, ಸೋಮವಾರ.

ಮಳೆ. ಶೀಟಿನ ಮೇಲೆ ಒಂದೇ ಸಮ.

ಇನ್‌ಟೇಕ್ ಕಡೆ ಕಾರ್ಬ್ ಕ್ಲೀನರ್ ಹೊಡೆದು ನೋಡಿದೆ. ಆರ್‌ಪಿಎಂ ಬದಲಾಗಲಿಲ್ಲ. ಗಾಳಿ ಅಲ್ಲಿಂದ ಸೇರುತ್ತಿಲ್ಲ. ಹಾಗಾದರೆ ಸೆನ್ಸರಿಗಿಂತ ಮುಂಚೆ, ಎಕ್ಸಾಸ್ಟ್‌ನಲ್ಲೇ ಎಲ್ಲೋ.

ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡಿನ ಹತ್ತಿರ ಬಗ್ಗಿದೆ. ಏನೂ ಕೇಳಲಿಲ್ಲ. ಹುಡುಗ, "ಟಿಕ್ ಟಿಕ್ ಅಂತಿದೆ, ಅಲ್ಲೇ" ಎಂದ. ಮತ್ತೆ ಬಗ್ಗಿದೆ. ಇಲ್ಲ. ಮಳೆ ಸದ್ದು ಎಂದೆ. ಅವನು ಏನೂ ಹೇಳಲಿಲ್ಲ.

ಇಂಜಿನ್ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮೆಲ್ಲಗೆ ಏರ್ ಬಿಟ್ಟು ಸೋಪಿನ ನೀರು ಬಳಿದೆವು. ಮೂರನೇ ಸಿಲಿಂಡರಿನ ಪಕ್ಕ ಗುಳ್ಳೆ ಎದ್ದವು. ಅವನು ಬೆರಳಿಟ್ಟ ಜಾಗವೇ. ಶೀಲ್ಡ್ ತೆಗೆದರೆ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಗೀರು.

ಪ್ರತಿ ಹೊಡೆತಕ್ಕೂ ಹೊಗೆ ಅಲ್ಲಿಂದ ಹೊರಬರುತ್ತದೆ, ಹಿಂದೆಯೇ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಸೆನ್ಸರ್ ನೋಡುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತದೆ. ರುಚಿ ನೋಡುವವನ ಸೌಟಿಗೆ ಮಾತ್ರ ನೀರು ಬೀಳುತ್ತಿದ್ದರೆ ಅಡುಗೆಯವನು ಪಾತ್ರೆಗೆ ಉಪ್ಪು ಹಾಕುತ್ತಲೇ ಇರುವ ಹಾಗೆ.

ಹೀಟರ್ ಸತ್ತಿದ್ದಷ್ಟು ದಿನ ಈ ಸೋರಿಕೆ ಕಾಣುವ ಹಾಗೇ ಇರಲಿಲ್ಲ. ಮೈಲೇಜು ತಿಂದದ್ದು ಹೀಟರೋ ಗ್ಯಾಸ್ಕೆಟ್ಟೋ? ಎಷ್ಟೆಷ್ಟು? ಮೇಷ್ಟ್ರು ಕೇಳಿಯೇ ಕೇಳುತ್ತಾರೆ.

ರಾತ್ರಿ.

ಕಿವಿ ಪರೀಕ್ಷೆ ಮಾಡಿಸಿ ಎಂದಳು ಇವಳು. ಮಳೆಗಾಲ ಕಳೆಯಲಿ ಎಂದೆ.

ಜೂನ್ 10, ಮಂಗಳವಾರ.

ಹೊಸ ಗ್ಯಾಸ್ಕೆಟ್ ಹಾಕಿದೆ. ಸಾಗರ ರಸ್ತೆಯಲ್ಲಿ ಓಡಿಸಿ ಬಂದು ನೋಡಿದೆ. ಐಡ್ಲಿಂಗಿನಲ್ಲೂ ಟ್ರಿಮ್ ಪ್ಲಸ್ 5, ಮೇಲೆ ಪ್ಲಸ್ 4. ಈ ಉಳಿದದ್ದು ಎಥನಾಲಿನದಿರಬಹುದು. ಅದರಲ್ಲೇ ಆಕ್ಸಿಜನ್ ಇದೆ, ಉರಿಯಲು ಒಂದು ಪಾಲಿಗೆ 9 ಪಾಲು ಗಾಳಿ ಸಾಕು. ಅಲ್ಲಿಗೆ ಮೇಷ್ಟ್ರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಅಥವಾ ಇಂಜೆಕ್ಟರ್ ಕೊಳಕೂ ಇರಬಹುದು. ಇವತ್ತಿಗೆ ಅದನ್ನು ಕೆದಕಲಿಲ್ಲ.

ಹಿಂದಿನ ಸೆನ್ಸರ್ ನೋಡಿದೆ. ಮುಂದಿನದು ಏರಿಳಿಯುತ್ತಿದ್ದರೂ ಇದು 0.65ರ ಆಸುಪಾಸಿನಲ್ಲಿ ನಿಂತಿದೆ. ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಎಮಿಷನ್ ಟೆಸ್ಟಿನಲ್ಲಿ ಸಿಒ 0.06 ಬಂತು. ಮಿತಿ 0.3.

ಮೇಷ್ಟ್ರು ಬಂದರು. ಹಳೆಯ ಸೆನ್ಸರ್, ಹಳೆಯ ಗ್ಯಾಸ್ಕೆಟ್ ಎರಡನ್ನೂ ಕೈಗೆ ಕೊಟ್ಟೆ. ಬಿಳಿ ವೈರಿಗೆ ಮೀಟರ್ ಹಿಡಿದು ತೋರಿಸಿದ್ದು ಹುಡುಗ. "ಮೊದಲನೇ ಸಲವೇ ಎರಡೂ ಯಾಕೆ ಹೇಳಲಿಲ್ಲ?" ಎಂದರು. ವಿವರಿಸಿದೆ. ಒಪ್ಪಿದರೋ, ಶಾಲೆಗೆ ತಡವಾಗುತ್ತದೆಂದು ಸುಮ್ಮನಾದರೋ.

ಸೆನ್ಸರ್ 2,800. ಗ್ಯಾಸ್ಕೆಟ್ 350. ಕೂಲಿ 1,500. ಕನ್ವರ್ಟರ್ ಬದಲಿಸುವ ಅಗತ್ಯವೇ ಇರಲಿಲ್ಲ.