ಆ ಲೋಟದಲ್ಲಿ ನೀರು ಕುಡಿದವರು ಯಾರು?

ಬೋಧನಾಭ್ಯಾಸದ ಮೂರನೆಯ ವಾರ ಒಂಬತ್ತನೆಯ ತರಗತಿಗೆ ವಿಜ್ಞಾನ ಮತ್ತು ಇತಿಹಾಸದ ಸಹಸಂಬಂಧ ತೋರಿಸುವ ಪಾಠ ಮಾಡಬೇಕಿತ್ತು. ಬಿ.ಎಸ್ಸಿ. ಬಿ.ಎಡ್. ವಿದ್ಯಾರ್ಥಿನಿಯಾದ ನನಗೆ ಇತಿಹಾಸವೆಂದರೆ ಸ್ವಲ್ಪ ಅಳುಕು. ಹಾಗಾಗಿ ರಸಾಯನಶಾಸ್ತ್ರ ಹೆಚ್ಚಿರುವ ವಿಷಯವನ್ನೇ ಆರಿಸಿಕೊಂಡೆ: ಅಮೆರಿಕದ ಜೇಮ್ಸ್‌ಟೌನ್‌ನ ಗಾಜಿನ ಕುಲುಮೆ.

ಲಂಡನ್ನಿನ ವರ್ಜೀನಿಯಾ ಕಂಪನಿ 1607ರಲ್ಲಿ ಪೊವ್ಹಾಟನ್ ಜನರ ನೆಲದಲ್ಲಿ ಆ ವಸಾಹತನ್ನು ಸ್ಥಾಪಿಸಿತು. ಮರುವರ್ಷವೇ ಪೋಲೆಂಡ್ ಮೊದಲಾದ ಕಡೆಯ ಕುಶಲಕರ್ಮಿಗಳನ್ನು ಕರೆಸಿ ಗಾಜು ಮಾಡಿಸಿತು.

ಪಾಠ ಚೆನ್ನಾಗಿಯೇ ಸಾಗಿತು. ಶುದ್ಧ ಮರಳು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೌದೆಯ ಬೂದಿ ಬೆರೆಸಿದರೆ ಅದಕ್ಕಿಂತ ಕಡಿಮೆ ಶಾಖ ಸಾಕು. ಸುಣ್ಣದ ಅಂಶ ಗಾಜನ್ನು ಗಟ್ಟಿ ಮಾಡುತ್ತದೆ ಎಂದು ವಿವರಿಸಿದೆ. ಗಾಜು ಊದುವ ಕೊಳವೆ ನಮ್ಮ ಒಲೆಯ ಊದುಗೊಳವೆಯಂಥದೇ, ಆದರೆ ಉದ್ದನೆಯ ಕಬ್ಬಿಣದ್ದು. ಅದನ್ನು ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಮೆತ್ತಗಿನ ಗಾಜು ಜೋತುಬೀಳುತ್ತದೆ. ಮಕ್ಕಳು ಸ್ಟ್ರಾ ಹಿಡಿದು ಸೋಪಿನ ಗುಳ್ಳೆ ಊದಿ ನಕ್ಕರು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಅವರು ಮಾಡಿದ ಲೋಟದಲ್ಲಿ ಅವರೇ ನೀರು ಕುಡೀತಿದ್ರಾ?"

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಮೌಲ್ಯಮಾಪನಕ್ಕೆ ಏಳೇ ನಿಮಿಷ ಉಳಿದಿತ್ತು. "ಕುಡೀತಿದ್ರಮ್ಮ, ಕೂತ್ಕೋ" ಎಂದುಬಿಟ್ಟೆ.

ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: "ಗೊತ್ತಿದ್ದು ಹೇಳಿದಿರಾ?"

ಆ ಸಂಜೆ ಓದಲು ಕೂತೆ. 1608ರಲ್ಲಿ ಮಾಡಿದ ಗಾಜಿನ ಮಾದರಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿತ್ತು. ಅಲ್ಲಿ ಸೌದೆಗೆ ಬರ. 1615ರಲ್ಲಿ ದೊರೆ ಗಾಜಿನ ಕುಲುಮೆಗಳಿಗೆ ಸೌದೆ ಉರಿಸುವುದನ್ನೇ ನಿಷೇಧಿಸಿದ. ವರ್ಜೀನಿಯಾದಲ್ಲಿ ಕಾಡು ದಂಡಿಯಾಗಿತ್ತು. ಕಾಡು ಅಲ್ಲಿಯದು, ದುಡಿಮೆ ಅಲ್ಲಿಯದು, ಲಾಭದ ನಿರೀಕ್ಷೆ ಲಂಡನ್ನಿನ ಷೇರುದಾರರದು. ವಸಾಹತಿನ ಸಾಮಾನ್ಯರು ಬಳಸುತ್ತಿದ್ದುದು ಹೆಚ್ಚಾಗಿ ಮರದ, ಮಣ್ಣಿನ ಪಾತ್ರೆಗಳನ್ನು. 1609–10ರ ಚಳಿಗಾಲದಲ್ಲಿ ಹಸಿವು, ಕಾಯಿಲೆಗಳಿಂದ ಅಲ್ಲಿಯ ಬಹುಪಾಲು ಜನ ಸತ್ತರು. 1621ರ ಸುಮಾರಿಗೆ ಇಟಲಿಯವರನ್ನು ಕರೆಸಿ ಮಾಡಿದ ಎರಡನೆಯ ಪ್ರಯತ್ನವೂ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಮರುದಿನ ತರಗತಿಯಲ್ಲಿ, "ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ಶುರುಮಾಡಿದೆ. ಧ್ವನಿ ನಡುಗುತ್ತಿತ್ತು. ಮಕ್ಕಳು ನಗಲಿಲ್ಲ. ಎಲ್ಲ ಕೇಳಿದ ಮೇಲೆ ಅದೇ ಹುಡುಗಿ ಹೇಳಿದಳು: "ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ ಮಿಸ್. ಅವರು ಹೊಲಿಯೋ ಶರ್ಟೆಲ್ಲ ಫಾರಿನ್‌ಗೆ ಹೋಗುತ್ತೆ. ನಮ್ಮನೇಲಿ ಒಂದೂ ಇಲ್ಲ."

ಇನ್ನೊಬ್ಬ, "ನಮ್ಮನೇಲಿ ರೇಷ್ಮೆ ಗೂಡು ಬೆಳೀತಾರೆ, ಅಜ್ಜಿ ಹತ್ರ ಒಂದು ರೇಷ್ಮೆ ಸೀರೆ ಇಲ್ಲ" ಎಂದ.

ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೇನು, ಬದಲಾಗದೆ ಉಳಿದದ್ದೇನು ಎಂಬ ಚರ್ಚೆಯಲ್ಲೇ ಅವಧಿ ಮುಗಿಯಿತು. ವಸಾಹತು ಎಂಬ ಪದಕ್ಕೆ ನಾನು ಕಪ್ಪುಹಲಗೆಯ ಮೇಲೆ ಬರೆದಿದ್ದ ವ್ಯಾಖ್ಯಾನವನ್ನು ಯಾರೂ ನೋಡಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಈಗ ಯಾವ ವಸ್ತುವಿನ ಪಾಠವಾದರೂ ಚಾರ್ಟ್ ಬರೆಯುವ ಮುನ್ನ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ: ಇದನ್ನು ಮಾಡಿದವರು ಯಾರು? ಬಳಸಿದವರು ಯಾರು? ಸಹಪ್ರಶಿಕ್ಷಣಾರ್ಥಿಗಳಿಗೆ ಇನ್ನೊಂದು ಮಾತು. "ಗೊತ್ತಿಲ್ಲ, ನಾಳೆ ತಿಳಿದುಕೊಂಡು ಬರ್ತೀನಿ" ಎನ್ನಲು ಅರ್ಧ ನಿಮಿಷವೂ ಬೇಡ. ಉಳಿದ ಏಳು ನಿಮಿಷದಲ್ಲಿ ಅದಕ್ಕೆ ಖಂಡಿತ ಜಾಗವಿತ್ತು.