ಟವೆಲ್ ಹಾಕಿದ ಸೀಟು

ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆದ್ರೆ ಯಾರು ಓದ್ತಾರೆ ಮಾರಾಯ ಅಂತ ಶಿವಮೊಗ್ಗದ ಗೆಳೆಯ ನಕ್ಕ. ಓದುವವರು ಓದಲಿ, ಉಳಿದವರು ಮುಂದಿನ ಪೋಸ್ಟಿಗೆ ಬನ್ನಿ :-) ನನಗಂತೂ ಈ ಕಥೆ ಎರಡು ವಾರದಿಂದ ತಲೆಯೊಳಗೆ ಕೊರೀತಾ ಇದೆ.

ಮೊದಲು ನನಗೆ ಈ ಹುಚ್ಚು ಹತ್ತಿದ್ದು ಹೇಗೆ ಅಂತ ಹೇಳಿಬಿಡ್ತೀನಿ. ನಮ್ಮ ಪ್ರಾಜೆಕ್ಟಿನ ಅರ್ಧ ಜನ ಬಾಸ್ಟನ್‌ನಲ್ಲಿದ್ದಾರೆ. ಕಾಲ್ ಶುರುವಾಗುವ ಮೊದಲು ಐದು ನಿಮಿಷ ಅವರದ್ದು ರೆಡ್ ಸಾಕ್ಸ್ ಪುರಾಣ. ಸುಮ್ಮನೆ ಕೂತು ಕೇಳೋ ಬದಲು ನೋಡಿಯೇ ಬಿಡೋಣ ಅಂತ ಶುರು ಮಾಡಿದೆ. ಅಲ್ಲಿ ಸಂಜೆ 7:10ಕ್ಕೆ ಆಟ ಶುರುವಾದರೆ ಇಲ್ಲಿ ಬೆಳಗಿನ ಜಾವ 4:40. ಪರೀಕ್ಷೆಗೆ ಓದೋಕೆ ಏಳದವನು ಇದಕ್ಕೆ ಏಳ್ತೀಯಲ್ಲೋ ಅಂತ ಅಮ್ಮ ಫೋನಿನಲ್ಲಿ ಬೈತಾಳೆ. ಹೀಗೆ ನೋಡ್ತಾ ಹಳೇ ಸೀಸನ್ನುಗಳ ಕಥೆಗಳನ್ನೂ ಕೆದಕುವಾಗ ಸಿಕ್ಕವನು ಸ್ಟೀಫನ್ ಡ್ರೂ.

2012ರಲ್ಲಿ ರೆಡ್ ಸಾಕ್ಸ್ ಹೀನಾಯವಾಗಿ ಆಡಿತ್ತು. 69 ಗೆಲುವು, 93 ಸೋಲು, ತಮ್ಮ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನ. ಶಾರ್ಟ್‌ಸ್ಟಾಪ್ ಜಾಗಕ್ಕೆ, ಅಂದ್ರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಜಾಗಕ್ಕೆ, ಅವರ ಬಳಿ ಒಬ್ಬ ಹುಡುಗ ತಯಾರಾಗ್ತಾ ಇದ್ದ. ಹೆಸರು ಜ್ಯಾಂಡರ್ ಬೋಗಾರ್ಟ್ಸ್, ಕೆರಿಬಿಯನ್ ಕಡಲಿನ ಅರೂಬಾ ಎಂಬ ಪುಟ್ಟ ದ್ವೀಪದವನು, ನಾಲ್ಕು ಭಾಷೆ ಬಲ್ಲವನು. ಆದರೆ ವಯಸ್ಸು ಇಪ್ಪತ್ತು. ಇನ್ನೂ ಮೈನರ್ ಲೀಗಿನಲ್ಲಿ ಪಳಗಬೇಕಿತ್ತು. ಅಲ್ಲಿಯವರೆಗೆ ಯಾರು?

ನಮ್ಮೂರಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಡ್ರೂ ಆ ಟವೆಲ್. 2012ರ ಡಿಸೆಂಬರಿನಲ್ಲಿ ಒಂದೇ ವರ್ಷಕ್ಕೆ 95 ಲಕ್ಷ ಡಾಲರ್ ಕೊಟ್ಟು ಅವನನ್ನು ತಂದರು. 2006ರಿಂದ ಆಡುತ್ತಿದ್ದ ಅನುಭವಿ, 2011ರಲ್ಲಿ ಕಾಲಿನ ಕೀಲು ಮುರಿದುಕೊಂಡು ಚೇತರಿಸಿಕೊಂಡವನು. ಒಪ್ಪಂದ ಒಂದು ವರ್ಷದ್ದು ಅಂದಮೇಲೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಸದ್ಯಕ್ಕೆ ನೀವಿರಿ, ನಮ್ಮ ಹುಡುಗ ಬರ್ತಾನೆ.

ತಂಡಗಳು ಹೀಗೆ ಮಾಡೋದಕ್ಕೆ ಲೆಕ್ಕಾಚಾರವೂ ಇದೆ. ಹುಡುಗನನ್ನು ಮೇಜರ್ ಲೀಗಿಗೆ ಕರೆದ ದಿನದಿಂದ ಅವನ ಸೇವಾವಧಿಯ ಗಡಿಯಾರ ಓಡೋಕೆ ಶುರುವಾಗುತ್ತೆ. 172 ದಿನಕ್ಕೆ ಒಂದು ವರ್ಷ ಅಂತ ಲೆಕ್ಕ. ಅಂಥ ಆರು ವರ್ಷ ತುಂಬಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವನು ಸ್ವತಂತ್ರ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಹಾಗಾಗಿ ಅರೆಬೆಂದ ಹುಡುಗನ ಮೇಲೆ ಆ ದಿನಗಳನ್ನು ಖರ್ಚು ಮಾಡೋಕೆ ಯಾರಿಗೂ ಇಷ್ಟವಿಲ್ಲ. ಹಂಗಾಮಿಯವನಿಗೆ ಕೊಡುವ ದುಡ್ಡಿನಲ್ಲಿ ಅವರು ಕೊಳ್ಳೋದು ಸಮಯವನ್ನು.

2013ರಲ್ಲಿ ಡ್ರೂ 124 ಪಂದ್ಯ ಆಡಿದ. ಬ್ಯಾಟಿಂಗ್ ಸರಾಸರಿ .253, ಹೋಮ್ ರನ್ 13. ಆಹಾ ಅನ್ನುವಂಥದ್ದಲ್ಲ, ಛೀ ಅನ್ನುವಂಥದ್ದೂ ಅಲ್ಲ. ಚೆಂಡು ಬಂದಾಗ ಹಿಡಿದು, ಸರಿಯಾದ ಕಡೆ ಎಸೆದು, ತನ್ನಷ್ಟಕ್ಕೆ ತಾನು. ಆಗಸ್ಟ್ 20ರಂದು ಬೋಗಾರ್ಟ್ಸ್ ಬಂದ. ಆದರೂ ಶಾರ್ಟ್‌ಸ್ಟಾಪಿನಲ್ಲಿ ಡ್ರೂ ನಿಂತೇ ಇದ್ದ. ಪ್ಲೇ ಆಫ್ ಹೊತ್ತಿಗೆ ಡ್ರೂ ಬ್ಯಾಟು ಪೂರ್ತಿ ಮಲಗಿಬಿಟ್ಟಿತು. 54 ಸಲಕ್ಕೆ 6 ಹಿಟ್! ಆದರೂ ಅವನ ಫೀಲ್ಡಿಂಗ್ ಬೇಕು ಅಂತ ಮ್ಯಾನೇಜರ್ ಜಾನ್ ಫ್ಯಾರೆಲ್ ಅವನನ್ನು ಕದಲಿಸಲಿಲ್ಲ. ಹುಡುಗನನ್ನು ಮೂರನೇ ಬೇಸಿನಲ್ಲಿ ನಿಲ್ಲಿಸಿದರು, ಅವನು ಮಿಂಚಿದ. ಅಕ್ಟೋಬರ್ 30ರಂದು ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ ಡ್ರೂ ಒಂದು ಹೋಮ್ ರನ್ ಹೊಡೆದ. ತಂಡ 6-1ರಿಂದ ಗೆದ್ದಿತು. ಫೆನ್‌ವೇ ಪಾರ್ಕಿನಲ್ಲೇ ಪಟ್ಟ ಗೆದ್ದದ್ದು 1918ರ ನಂತರ ಅದೇ ಮೊದಲು. ಟವೆಲ್ಲಿಗೂ ಒಂದು ಉಂಗುರ ಸಿಕ್ಕಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ನನ್ನನ್ನು ಕೊರೀತಿರೋದು ಇದರ ಮುಂದಿನ ಭಾಗ.

ರೆಡ್ ಸಾಕ್ಸ್ ಡ್ರೂಗೆ ಇನ್ನೊಂದು ವರ್ಷಕ್ಕೆ 1 ಕೋಟಿ 41 ಲಕ್ಷ ಡಾಲರಿನ ನಿಯಮಬದ್ಧ ಆಹ್ವಾನ ಕೊಟ್ಟಿತು. ಅವನು ಒಲ್ಲೆ ಅಂದ. ಹಾಗೆ ಒಲ್ಲೆ ಅಂದವನನ್ನು ಬೇರೆ ತಂಡ ಕರೆದುಕೊಂಡರೆ, ಆ ತಂಡ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಒಂದು ಅವಕಾಶ ಕಳೆದುಕೊಳ್ಳಬೇಕಿತ್ತು. ಯಾರೂ ಕರೆಯಲಿಲ್ಲ. ಏಪ್ರಿಲ್ ಬಂತು, ಸೀಸನ್ ಶುರುವಾಯ್ತು, ಡ್ರೂ ಮನೆಯಲ್ಲೇ. ಇತ್ತ ಬೋಗಾರ್ಟ್ಸ್ ತನ್ನ ಜಾಗದಲ್ಲಿ ನಿಂತು ಆಡುತ್ತಿದ್ದ. 2014ರ ಮೇ ತಿಂಗಳಲ್ಲಿ ಮೂರನೇ ಬೇಸಿನವನಿಗೆ ಪೆಟ್ಟಾಯ್ತು. ತಂಡ ಮತ್ತೆ ಡ್ರೂನನ್ನೇ ಸುಮಾರು 1 ಕೋಟಿ ಡಾಲರಿಗೆ ಕರೆತಂದು ಶಾರ್ಟ್‌ಸ್ಟಾಪಿನಲ್ಲಿ ನಿಲ್ಲಿಸಿತು. ಹುಡುಗನಿಗೆ ಮೂರನೇ ಬೇಸಿಗೆ ಜರುಗಪ್ಪಾ ಅಂದರು.

ಯಾರಿಗೂ ಒಳ್ಳೇದಾಗಲಿಲ್ಲ. ತಯಾರಿಯಿಲ್ಲದೆ ಬಂದ ಡ್ರೂ ಆ ವರ್ಷವಿಡೀ ಹೊಡೆದದ್ದು .162. ಬೋಗಾರ್ಟ್ಸ್ ಬ್ಯಾಟೂ ಜೂನಿನಲ್ಲಿ ಮೌನವಾಯ್ತು, ವರ್ಷದ ಕೊನೆಗೆ .240. ಜಾಗ ಬದಲಾಗಿದ್ದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ, ಇಪ್ಪತ್ತೊಂದರ ಹುಡುಗನಿಗೆ ಹೇಗಿದ್ದರೂ ಕಷ್ಟದ ವರ್ಷ ಬರುತ್ತೆ. ಜುಲೈ 31ಕ್ಕೆ ಡ್ರೂನನ್ನು ಯಾಂಕೀಸ್ ತಂಡಕ್ಕೆ ಸಾಗಹಾಕಿದರು. ಅಲ್ಲಿ ಶಾರ್ಟ್‌ಸ್ಟಾಪಿನಲ್ಲಿ ಯಾರಿದ್ದದ್ದು ಗೊತ್ತೇ? ಕೊನೆಯ ಸೀಸನ್ ಆಡುತ್ತಿದ್ದ ಡೆರೆಕ್ ಜೀಟರ್! ಪಾಪ, ಡ್ರೂ ಹೆಚ್ಚಾಗಿ ಎರಡನೇ ಬೇಸಿನಲ್ಲಿ ನಿಂತ. ಬೋಗಾರ್ಟ್ಸ್ ತನ್ನ ಜಾಗಕ್ಕೆ ವಾಪಸಾದ. ಮರುವರ್ಷ ಅವನದ್ದು .320!

ಒಬ್ಬನೇ ಮನುಷ್ಯ, ಅದೇ ಜಾಗ, ಅದೇ ಹುಡುಗ. 2013ರಲ್ಲಿ ಡ್ರೂ ಹುಡುಗನಿಗೆ ನೆರಳಾಗಿದ್ದ, 2014ರಲ್ಲಿ ಅಡ್ಡಗೋಡೆಯಾದ. ಮೊದಲ ಸಲ ಹುಡುಗ ಇನ್ನೂ ಬಂದಿರಲಿಲ್ಲ, ಎರಡನೇ ಸಲ ಬಂದಾಗಿತ್ತು.

ಈಗ ಇದೆಲ್ಲ ನನಗ್ಯಾಕೆ ಅಂದ್ರೆ... ನಾನೂ ಒಂದು ಟವೆಲ್ಲೇ ಕಣ್ರೀ. ನಾನಿರೋದು ಕಾಂಟ್ರಾಕ್ಟಿನ ಮೇಲೆ, ಒಂಬತ್ತು ತಿಂಗಳಿಗೆ. ಕ್ಯಾಂಪಸ್ಸಿನಿಂದ ತಗೊಂಡ ಹುಡುಗಿಯೊಬ್ಬಳು ಟ್ರೇನಿಂಗ್ ಮುಗಿಸಿ ಬರುವವರೆಗೆ ಪೇಮೆಂಟ್ ಮಾಡ್ಯೂಲ್ ನೋಡಿಕೊಳ್ಳಲಿ ಅಂತ. ಅಮ್ಮ ಪ್ರತಿ ಭಾನುವಾರ ತಿಪಟೂರಿನಿಂದ ಕೇಳ್ತಾಳೆ, "ಪರ್ಮನೆಂಟ್ ಆಯ್ತೇನೋ?" ಹುಡುಗಿ ಬಂದು ಎರಡು ತಿಂಗಳಾಯ್ತು. ಚುರುಕು. ಕಳೆದ ವಾರ ರಾತ್ರಿ ಹತ್ತಕ್ಕೆ ಪ್ರೊಡಕ್ಷನ್ ಬಿದ್ದಾಗ ನಾನು ಲ್ಯಾಪ್‌ಟಾಪ್ ತೆಗೆಯೋದರೊಳಗೆ ಅವಳೇ ಸರಿ ಮಾಡಿ, "ಸರ್, ಒಂದ್ಸಲ ನೋಡ್ತೀರಾ?" ಅಂತ ಮೆಸೇಜ್ ಹಾಕಿದ್ದಳು. ನೋಡಿದೆ. ತಿದ್ದೋದಕ್ಕೆ ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದು, "ಇನ್ನಾರು ತಿಂಗಳು ನೀವೇ ಮುಂದುವರೀರಿ, ಅವಳನ್ನ ಸದ್ಯಕ್ಕೆ ಟೆಸ್ಟಿಂಗಿಗೆ ಹಾಕೋಣ" ಅಂದರು. ಅವರಿಗೆ ಅದು ಸುರಕ್ಷಿತ. ನನಗೆ ಆರು ತಿಂಗಳ ಸಂಬಳ. ಊರಿನ ಮನೆ ಸಾಲದ ಕಂತು ಪ್ರತಿ ತಿಂಗಳು ಐದಕ್ಕೆ ಕಟ್ಟಬೇಕು, ಅದೂ ಸುಳ್ಳಲ್ಲ. ಯೋಚಿಸಿ ಹೇಳ್ತೀನಿ ಅಂತ ಎದ್ದು ಬಂದೆ.

ಸೋಮವಾರ ಹೇಳೋದು ಇಷ್ಟು. ಇರ್ತೀನಿ ಸರ್, ಆದರೆ ಮಾಡ್ಯೂಲ್ ಅವಳ ಹೆಸರಿಗೆ ಬರಲಿ, ಜರುಗೋದು ನಾನು. ಟೆಸ್ಟಿಂಗ್, ಸಪೋರ್ಟ್, ರಾತ್ರಿ ಪಾಳಿ, ಏನು ಕೊಟ್ಟರೂ ಸರಿ. ಒಪ್ಪದಿದ್ದರೆ ಒಂಬತ್ತು ತಿಂಗಳಿಗೆ ನಮಸ್ಕಾರ. ರೆಸ್ಯೂಮೆ ನಿನ್ನೆಯೇ ನಾಲ್ಕು ಕಡೆ ಕಳಿಸಿದ್ದೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ದೊಡ್ಡತನ ಅಂದುಕೊಳ್ಳಬೇಡಿ, ನನಗೂ ಹೆದರಿಕೆ ಇದೆ. ಆದರೆ ಟವೆಲ್ ಹಾಕೋದು ಸೀಟಿನವರು ಬರಲಿ ಅಂತ ತಾನೇ? ಬಂದವರು ನಿಂತಿರುವಾಗ ಟವೆಲ್ಲೇ ಕೂತಿದ್ದರೆ ಬಸ್ಸಿನಲ್ಲಿದ್ದವರು ನಗ್ತಾರೆ.

ನಿಮ್ಮಲ್ಲೂ ಹಂಗಾಮಿ ಕುರ್ಚಿಯಲ್ಲಿ ಕೂತವರು ಇದ್ದೇ ಇರ್ತೀರಿ. ನೀವು ಎದ್ದದ್ದು ಯಾವಾಗ? ನೀವಾಗಿಯೇ ಎದ್ದಿರೋ, ಎಬ್ಬಿಸಿದರೋ? ಸೋಮವಾರದೊಳಗೆ ಹೇಳಿ, ಸ್ವಲ್ಪ ಧೈರ್ಯ ಬರುತ್ತೆ :-)